ಕತ್ತರಿ ಡಬ್ಬಿಯಲ್ಲಿದ್ದ ಮಾತ್ರೆ

ಅವಳು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಮ್ಮ ಹೊಲಿಗೆ ಸಾಲಿಗೆ ಬಂದ ಮೊದಲ ದಿನವೇ ನನ್ನ ನೀರಿನ ಬಾಟಲಿಯ ಮೇಲೆ ಕಣ್ಣು ಹಾಕಿದಳು.

“ಅಜ್ಜೀ, ಬೆಳಿಗ್ಗೆಯಿಂದ ಎರಡು ಬಾಟ್ಲಿ ಖಾಲಿ ಮಾಡಿದ್ರಲ್ಲ, ಹೊಟ್ಟೇಲಿ ಮೀನು ಸಾಕಿದೀರಾ?”

“ನೀನು ಒಂದು ಗುಟುಕೂ ಕುಡಿದಿಲ್ವಲ್ಲ, ನೀನೇನು ಒಂಟೆಯಾ?” ಎಂದೆ.

ಸಾಲಿಗೆ ಸಾಲೇ ನಕ್ಕಿತು. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಒಂಟೆ.

ಅವಳದು ಅಂಗಿಗೆ ಕಾಲರ್ ಕೂರಿಸುವ ಮಷಿನ್. ಅದರ ಹಿಂದಿನ ಮೇಜಿನಲ್ಲಿ ನಾನು ದಾರದ ತುದಿ ಕತ್ತರಿಸುತ್ತೇನೆ. ನನ್ನ ಗಂಡ ತೀರಿಕೊಂಡ ವರ್ಷದಿಂದ ಅದೇ ಕೆಲಸ. ಶೌಚಾಲಯ ಎರಡು ಮಹಡಿ ಕೆಳಗೆ. ಹೋಗಿಬರುವಷ್ಟರಲ್ಲಿ ಹತ್ತು ಕಾಲರ್ ಹಿಂದೆ ಬೀಳುತ್ತದೆ, ಸೂಪರ್‌ವೈಸರ್ ಬಾಯಿಗೆ ಬಂದಂತೆ ಬಯ್ಯುತ್ತಾನೆ. ಹಾಗಾಗಿ ಅವಳು ನೀರನ್ನೇ ಬಿಟ್ಟಿದ್ದಳು.

ತನ್ನ ಎರಡನೇ ಮಗುವಿಗೆ ವರ್ಷ ತುಂಬಿದ ಮೇಲೆ ಒಂದು ದಿನ ನನ್ನ ಕತ್ತರಿ ಡಬ್ಬಿಯೊಳಗೆ ಮಾತ್ರೆಯ ಹಾಳೆಯೊಂದನ್ನು ತುರುಕಿದಳು.

“ಅತ್ತೆಗೆ ಇನ್ನೊಂದು ಬೇಕಂತೆ. ಇವರು ಅಮ್ಮ ಹಾಕಿದ ಗೆರೆ ದಾಟಲ್ಲ. ನನ್ ಚೀಲ ದಿನಾ ಜಾಲಾಡ್ತಾರೆ. ನಿಮ್ ಹತ್ರ ಇರಲಿ ಅಜ್ಜೀ, ಯಾರಿಗೂ ಬಾಯಿ ಬಿಡಬೇಡಿ.”

“ಡಾಕ್ಟರಿಗೆ ತೋರಿಸಿದ್ಯಾ?”

“ಅಂಗಡೀಲಿ ಕೇಳ್ದೆ, ಕೊಟ್ರು. ಮಗು ಆಗದೆ ಇರೋಕೆ ತಾನೇ, ನನಗೇನು ಕಾಯಿಲೆನಾ?”

ಬೆಳಗಿನ ಟೀ ಗಂಟೆ ಹೊಡೆದಾಗ ಅವಳ ಅಂಗೈಗೆ ಒಂದು ಮಾತ್ರೆ ಹಾಕುವುದು ನನ್ನ ಕೆಲಸವಾಯಿತು. ರಜೆಯ ದಿನದ್ದನ್ನು ಹಿಂದಿನ ಸಂಜೆ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆ. ಮೂರು ತಿಂಗಳಲ್ಲಿ ಒಮ್ಮೆಯೂ ತಪ್ಪಿಸಲಿಲ್ಲ.

ಆಮೇಲೆ ತಲೆನೋವು ಹಿಡಿಯಿತು. ಮಲಗಿದರೆ ಹೆಚ್ಚು, ಎದ್ದು ಕೂತರೆ ತುಸು ಕಡಿಮೆ. ಐದನೇ ದಿನ “ಸೂಜಿ ಎರಡೆರಡು ಕಾಣ್ತಿದೆ ಅಜ್ಜೀ” ಎಂದಳು. ಊಟ ಮುಗಿಸಿ ಬಂದು ಕೂತವಳು ಮಷಿನ್ ಮೇಲೆಯೇ ಕುಸಿದಳು. ಕೈಕಾಲು ಸೆಟೆದು ಅದುರತೊಡಗಿದವು.

ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾನು. ಡಬ್ಬಿ ಮಡಿಲಲ್ಲೇ ಇತ್ತು. ಅವಳ ಗಂಡ, ಅತ್ತೆ ಓಡಿಬಂದರು. ತಲೆಯ ಸ್ಕ್ಯಾನ್ ಮಾಡಿದರು, ಏನೂ ಕಾಣಲಿಲ್ಲ.

“ದಿನಾ ಯಾವುದಾದ್ರೂ ಮಾತ್ರೆ ತಗೊಳ್ತಿದ್ರಾ?” ಡಾಕ್ಟರಮ್ಮ ಕೇಳಿದರು.

“ತಲೆನೋವಿನದು ಬಿಟ್ರೆ ಏನಿಲ್ಲ ಮೇಡಂ,” ಎಂದ ಗಂಡ.

“ಗುಂಡುಕಲ್ಲಿನ ಹಾಗಿದ್ಳು,” ಎಂದರು ಅತ್ತೆ.

ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. ಮಂಚದ ಮೇಲೆ ಅವಳು ಕಣ್ಣು ಮುಚ್ಚಿ ನರಳುತ್ತಿದ್ದಳು. ಬಾಯಿ ಬಿಟ್ಟರೆ ಅವಳ ಸಂಸಾರ ಒಡೆಯಬಹುದು. ಬಿಡದಿದ್ದರೆ ಅವಳೇ ಉಳಿಯದಿರಬಹುದು. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು, ಉಗುರು ಹಾಕಿ ಎತ್ತಿದೆ.

“ಇದು, ಅಮ್ಮಾ. ದಿನಕ್ಕೊಂದು, ಮೂರು ತಿಂಗಳಿಂದ. ನಾನೇ ಕೊಡ್ತಿದ್ದೆ. ಇವತ್ತಿನದೂ ಕೊಟ್ಟಿದೀನಿ.”

ಪೆನ್ನು ನಿಂತಿತು. “ನೀರು ಕುಡೀತಿದ್ರಾ? ಮನೇಲಿ ಯಾರಿಗಾದ್ರೂ ರಕ್ತ ಹೆಪ್ಪುಗಟ್ಟಿತ್ತಾ?”

“ನೀರು ಮುಟ್ತಿರಲಿಲ್ಲ. ಇವಳಮ್ಮನಿಗೆ ಬಾಣಂತನದಲ್ಲಿ ಕಾಲಲ್ಲಿ ಹೆಪ್ಪುಗಟ್ಟಿತ್ತಂತೆ, ಇವಳೇ ಹೇಳಿದ್ಳು.”

“ಹಾಗಿದ್ದವರಿಗೆ ಗರ್ಭ ತಡೆಯೋ ಈ ಮಾತ್ರೆ ಕೊಡಲೇಬಾರದು. ತಲೆಯಿಂದ ರಕ್ತ ವಾಪಸ್ ಇಳಿಯೋ ನಾಳದಲ್ಲೂ ಹೆಪ್ಪುಗಟ್ಟುತ್ತೆ. ಅದನ್ನ ನೋಡೋ ಸ್ಕ್ಯಾನೇ ಬೇರೆ. ಈಗಲೇ ಕರ್ಕೊಂಡು ಹೋಗಿ!”

ಮಂಚ ಗಡಗಡ ಉರುಳಿಹೋಯಿತು.

“ಮುದುಕೀ, ನಮ್ಮ ಮನೆಗೆ ಕೊಳ್ಳಿ ಇಟ್ಟೆಯಲ್ಲೇ,” ಎಂದರು ಅತ್ತೆ. ಗಂಡ ಮಾತ್ರೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ.

ಹೆಪ್ಪು ಇದ್ದದ್ದು ನಿಜ. ಅದು ಬೆಳೆಯದಂತೆ ಇಂಜೆಕ್ಷನ್ ಕೊಟ್ಟರು. ಹನ್ನೊಂದನೇ ದಿನ ನಾನು ನೋಡಲು ಹೋದಾಗ ದಿಂಬಿಗೆ ಒರಗಿ ಕೂತಿದ್ದಳು. ಗಂಡ ಮೂರು ದಿನದಿಂದ ಈ ಕಡೆ ತಲೆ ಹಾಕಿಲ್ಲವೆಂದು ಪಕ್ಕದ ಮಂಚದವಳು ಪಿಸುಗುಟ್ಟಿದಳು. ಮರುದಿನ ಅವಳ ತಾಯಿ ಬಂದು ತಮ್ಮೂರಿಗೆ ಕರೆದೊಯ್ದರು. ಆಮೇಲೆ ನಾನವಳನ್ನು ಕಂಡಿಲ್ಲ.

ಆ ಹನ್ನೊಂದನೇ ದಿನ ಅವಳಿಗೆ ನನ್ನ ಬಾಟಲಿ ಕೊಟ್ಟೆ. ಗಟಗಟನೆ ಅರ್ಧ ಕುಡಿದಳು. ಮುಚ್ಚಳವನ್ನು ಮೆಲ್ಲಗೆ ತಿರುಗಿಸುತ್ತಾ, ನನ್ನ ಮುಖ ನೋಡದೆ ಕೇಳಿದಳು:

“ಡಾಕ್ಟರಮ್ಮನ್ನ ಒಂಚೂರು ಪಕ್ಕಕ್ಕೆ ಕರೆದು ಹೇಳಬಾರದಿತ್ತಾ, ಅಜ್ಜೀ?”