ತಂಗಿಗೆ ಹೇಳಿದ್ದು, ಆಪಾಗೆ ಹೇಳದ್ದು

ರಶೀದಾ ಆಪಾ, ನಾನು ನಿಮಗೆ ಸುಳ್ಳು ಹೇಳಿದೆ. ಬ್ಯಾಂಕು ಮುಳುಗುತ್ತಿದೆ ಎಂದು ಗೊತ್ತಿದ್ದೂ ಹೇಳಿದೆ.

ಬಸವಕಲ್ಯಾಣದ ಆ ಸಹಕಾರಿ ಸಂಘವನ್ನು ಊರೆಲ್ಲ ಬ್ಯಾಂಕ್ ಎಂದೇ ಕರೆಯುತ್ತಿತ್ತು. ನಾನು ಅದರ ಮ್ಯಾನೇಜರ್. ನಮ್ಮ ಅಧ್ಯಕ್ಷರು ಧೈರ್ಯಸ್ಥರು — ಅಥವಾ ನಾವೆಲ್ಲ ಅದನ್ನು ಧೈರ್ಯ ಅಂದುಕೊಂಡಿದ್ದೆವು. ಹುಮನಾಬಾದ್ ಹೆದ್ದಾರಿ ಪಕ್ಕದ ಪ್ಲಾಟುಗಳ ಬೆಲೆ ಏರುತ್ತಲೇ ಇರುತ್ತದೆಂದು ನಂಬಿ, ಜನರ ಠೇವಣಿಯ ಬಹುಪಾಲನ್ನು ಅವುಗಳನ್ನು ಕೊಳ್ಳುವ ಒಂದಿಬ್ಬರು ಗುತ್ತಿಗೆದಾರರಿಗೇ ಸಾಲ ಕೊಡಿಸಿದರು. ಬೆಲೆ ಕುಸಿಯಿತು, ಕಂತು ನಿಂತಿತು. ಹಳೆಯ ಸಾಲದ ಬಡ್ಡಿ ತೀರಿಸಲೆಂದು ಅವರಿಗೇ ಹೊಸ ಸಾಲ ಕೊಡುವ ಮಾತು ಬಂದಾಗ ನಾನು ಒಮ್ಮೆ — ಒಂದೇ ಒಂದು ಸಲ — ಬೇಡವೆಂದೆ.

"ಅಂಜೋ ಮಂದಿ ಕಿರಾಣಿ ಅಂಗಡಿ ಇಡಬೇಕ್ರಿ, ಬ್ಯಾಂಕ್ ನಡಸಬಾರ್ದು," ಎಂದು ಅಧ್ಯಕ್ಷರು ನಕ್ಕರು. ಸಭೆ ನಕ್ಕಿತು. ನಾನೂ ನಕ್ಕು ಸಹಿ ಹಾಕಿದೆ.

ಆ ವಾರವೇ ಹುಮನಾಬಾದಿನ ನನ್ನ ತಂಗಿಯ ಮನೆಗೆ ಹೋಗಿ, ನಮ್ಮ ಬ್ಯಾಂಕಿನಲ್ಲಿಟ್ಟ ಠೇವಣಿ ತೆಗೆದುಬಿಡು, ಯಾರಿಗೂ ಹೇಳಬೇಡ ಎಂದು ಅವಳಿಗೆ ಹೇಳಿದೆ. ಅವಳು ತೆಗೆದಳು. ಅದಾಗಿ ಸ್ವಲ್ಪ ದಿನಕ್ಕೆ ನೀವು ಬಂದಿರಿ. ನಿಮ್ಮ ಯಜಮಾನರು ತೀರಿಕೊಂಡ ಮೇಲೆ, ಪಾತ್ರೆಗೆ ಕಲಾಯಿ ಹಾಕುವ ಅವರ ಅಂಗಡಿ ಮಾರಿ ಬಂದ ಹಣ — ಸೊಲ್ಲಾಪುರದಲ್ಲಿ ಸೊಂಟದ ಆಪರೇಷನ್ ಮಾಡಿಸಿಕೊಳ್ಳಲು ಇಟ್ಟಿದ್ದಿರಿ.

"ಮಂದಿ ಏನೇನೋ ಅನ್ನಾಕತ್ತಾರ್ರಿ ಸಾಹೇಬ್ರ. ರೊಕ್ಕ ತಕ್ಕೊಂಡ್ಬಿಡ್ಲೇನ್ರಿ? ನೀವು ಹ್ಯಾಂಗ ಅಂತೀರಿ ಹಂಗ."

ಕೌಂಟರಿನ ಬಳಿ ಜನ ಕಿವಿಗೊಟ್ಟು ನಿಂತಿದ್ದರು. ತಗೊಳ್ಳಿ ಎಂದರೆ ಸಂಜೆಯೊಳಗೆ ಊರೇ ಬಾಗಿಲಿಗೆ ಬರುತ್ತದೆ ಎಂದುಕೊಂಡೆ. ತಂಗಿಗೆ ಹೇಳುವಾಗ ಆ ಯೋಚನೆ ಬರಲೇ ಇಲ್ಲ.

"ಏನೂ ಆಗಂಗಿಲ್ಲರಿ ಆಪಾ. ನಮ್ಮ ಮನಿ ಮಂದೀದೂ ಇಲ್ಲೇ ಅದ," ಎಂದೆ.

ನೀವು ನಿಶ್ಚಿಂತೆಯಿಂದ ಎದ್ದು ಹೋದಿರಿ. ದೀಪಾವಳಿಗೆ ಮೊದಲೇ ಬ್ಯಾಂಕಿನ ಬಾಗಿಲು ಮುಚ್ಚಿತು. ಅಧ್ಯಕ್ಷರು ಈಗ ಕೋರ್ಟಿಗೆ ಅಲೆಯುತ್ತಿದ್ದಾರೆ. ಪ್ಲಾಟುಗಳಲ್ಲಿ ಜಾಲಿ ಬೆಳೆದಿದೆ.

ಕಳೆದ ತಿಂಗಳು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನಿಮ್ಮನ್ನು ಕಂಡು ಮುಖ ತಿರುಗಿಸಿದೆ. ನೀವೇ ಕರೆದಿರಿ. ಕೋಲು ಊರಿ, ಹಲ್ಲು ಕಚ್ಚಿ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದಿರಿ.

"ಕೂಡ್ರಿ. ನಿಮ್ಮ ಮನಿ ಮಂದೀದೂ ಹೋಯ್ತಲ್ರಿ, ಪಾಪ. ನೀವರೆ ಏನ್ ಮಾಡ್ತೀರಿ?"

"ಹೌದ್ರಿ," ಎಂದೆ. ಅಷ್ಟೇ — ಇನ್ನೊಂದು ಸುಳ್ಳು. ಬಸ್ಸು ಬಂತು, ಹತ್ತಿಬಿಟ್ಟೆ.

ಈಗ ಹೇಳಿದರೆ ನಿಮ್ಮ ಹಣ ಬರುವುದಿಲ್ಲ, ಸೊಂಟ ನೆಟ್ಟಗಾಗುವುದಿಲ್ಲ. ನನ್ನ ಎದೆ ಹಗುರಾಗಲಿ ಎಂದು ಹೇಳುತ್ತಿದ್ದೇನೋ ಏನೋ — ಅದೂ ತಿಳಿಯದು. ಆದರೆ ಅವತ್ತು ನನಗಾಗಿ ಮರುಗಿದಿರಲ್ಲ ಆಪಾ, ಆ ಮರುಕವನ್ನಾದರೂ ನನ್ನಿಂದ ವಾಪಸು ತೆಗೆದುಕೊಳ್ಳಿ.