ಸುನಂದಾ ಉಣ್ಣುವ ಹೊತ್ತು

ಮುಂಡಗೋಡ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸುನಂದಾಳ ಖಾನಾವಳಿ ಇದೆ. ಗಂಡ ವೀರೇಶ ಗಲ್ಲಾದ ಮುಂದೆ ಕೂರುತ್ತಾನೆ, ಕೆಲಸದ ದುರ್ಗವ್ವ ರೊಟ್ಟಿ ಬಡಿಯುತ್ತಾಳೆ, ಒಲೆಯ ಮುಂದೆ ಸುನಂದಾ. ಅತ್ತೆ ಶಂಕ್ರವ್ವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾಳು ಹಸನು ಮಾಡುತ್ತ ಎಲ್ಲರ ಮೇಲೂ ಒಂದು ಕಣ್ಣಿಟ್ಟಿರುತ್ತಾಳೆ.

ಮದುವೆಯಾಗಿ ಬಂದಾಗಿನಿಂದ ಸುನಂದಾ ಮಧ್ಯಾಹ್ನದ ಊಟವನ್ನು ಹೊತ್ತಿಗೆ ಸರಿಯಾಗಿ ಉಂಡದ್ದೇ ಇಲ್ಲ. ಗಿರಾಕಿಗಳೆಲ್ಲ ಕೈತೊಳೆದು ಹೋದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಅವಳ ಪಾಲು. ಅಲ್ಲಿಯತನಕ ಹೊಟ್ಟೆ ಸುಮ್ಮನಿರಬೇಕಲ್ಲ? ಪಲ್ಯದ ಖಾರ ನೋಡುವಾಗ ಒಂದು ಚಮಚ, ಸಾರಿನ ಉಪ್ಪು ನೋಡುವಾಗ ಒಂದು ಗುಟುಕು, ಭಜಿ ಕರಿದಾಗ ಮುರಿದದ್ದೊಂದು, ಚಹದ ಜೊತೆ ಒಂದು ಮುಷ್ಟಿ ಅವಲಕ್ಕಿ ಚೂಡಾ. ಅದನ್ನು ಅವಳು ತಿನ್ನುವುದೆಂದು ಎಣಿಸಿಯೇ ಇರಲಿಲ್ಲ.

ನಲವತ್ತು ದಾಟುವ ಹೊತ್ತಿಗೆ ಮೈ ಎಷ್ಟು ಭಾರವಾಯಿತೆಂದರೆ, ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕಾಯಿತು. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಸೋತವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆ ಸಣ್ಣದು ಮಾಡುವ ಆಪರೇಶನ್ ಹೇಳಿದಾಗ ಮನೆಯಲ್ಲಿ ಯಾರಿಗೂ ಧೈರ್ಯವಾಗಲಿಲ್ಲ. ಸುನಂದಾಳೇ ಗಟ್ಟಿ ಮನಸ್ಸು ಮಾಡಿದಳು. "ಹಿಂಗ ದಿನಾ ನರಳೂದಕ್ಕಿಂತ ಒಮ್ಮೆ ಮಾಡಿಸಿ ಬಿಡೂಣು" ಅಂದಳು.

ಆಪರೇಶನ್ ಆಯಿತು. ಮೊದಲು ಬರೀ ತಿಳಿಸಾರು, ಆಮೇಲೆ ನುಣ್ಣಗೆ ಅರೆದ ಬೇಳೆ, ಆಮೇಲೆ ಮೆತ್ತಗಿನ ಅನ್ನ. ಹಳಿಯಾಳದ ತಂಗಿಯ ಮನೆಯಲ್ಲಿದ್ದು ಸುಧಾರಿಸಿಕೊಂಡಳು. ತೂಕ ಇಳಿಯಿತು, ಸಕ್ಕರೆಯ ಗುಳಿಗೆ ಕಡಿಮೆಯಾಯಿತು, ರವಿಕೆಗಳನ್ನೆಲ್ಲ ಒಳಗೆ ಹಿಡಿದು ಹೊಲಿಯಬೇಕಾಯಿತು. ಮುಂಡಗೋಡಕ್ಕೆ ಮರಳಿದಾಗ ಹಳೆಯ ಗಿರಾಕಿಯೊಬ್ಬ ಗುರುತೇ ಹಿಡಿಯದೆ, "ಅಕ್ಕಾರು ಎಲ್ಲಿ ಹೋಗ್ಯಾರ್ರಿ?" ಎಂದು ಅವಳನ್ನೇ ಕೇಳಿದ.

ಒಂದು ವರ್ಷ ತುಂಬುವುದರೊಳಗೆ ತೂಕ ಇಳಿಯುವುದು ನಿಂತಿತು. ಆಮೇಲೆ ಮೆಲ್ಲಗೆ ಏರತೊಡಗಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳುವ ಸುಮಿತಾ ಮೇಡಂ ಕೇಳಿದರು, "ದಿನಾ ಏನೇನ್ ತಿಂತೀರಿ, ಹೇಳ್ರಿ."

"ಒಂದ್ ಸಣ್ಣ ವಾಟಿ ಬ್ಯಾಳಿ, ಅರ್ಧ ರೊಟ್ಟಿ. ಅಷ್ಟರಾಗ ಹೊಟ್ಟಿ ಬಿಗೀತೈತಿ. ಉಪವಾಸ ಇದ್ದಂಗ ಇದ್ದೇನ್ರಿ" ಎಂದಳು ಸುನಂದಾ.

ಮೇಡಂ ಜರಿಯದೆ ಅದನ್ನು ಬರೆದುಕೊಂಡರು. ಆದರೂ ಸುನಂದಾಳಿಗೆ ಅವಮಾನವಾದಂತಾಯಿತು. ತಾನು ಸುಳ್ಳು ಹೇಳುತ್ತಿದ್ದೇನೆಂದು ಅವರು ತಿಳಿದರೇನೋ ಎಂಬ ಸಿಟ್ಟಿನಲ್ಲೇ ಬಸ್ ಹತ್ತಿ, ಹಾದಿಗೆಂದು ಕೊಂಡ ಚೂಡಾದ ಪಾಕೀಟು ಬಿಚ್ಚಿದಳು. ನಡುಹಾದಿಯ ತಡಸ ಬರುವಷ್ಟರಲ್ಲಿ ಪಾಕೀಟು ಖಾಲಿ. ಸುನಂದಾ ಅದನ್ನು ತಿರುಗಿಸಿ ನೋಡಿದಳು. ಒಂದು ಸಣ್ಣ ಬಟ್ಟಲು ಬೇಳೆಗೆ ಬಿಗಿಯುವ ಹೊಟ್ಟೆ ಇಷ್ಟೊಂದು ಚೂಡಾ ಒಳಗೆ ಹೋದರೂ ಮಿಸುಕಾಡಿರಲಿಲ್ಲ.

ಮರುದಿನ ರೊಟ್ಟಿ ಬಡಿಯುತ್ತಿದ್ದ ದುರ್ಗವ್ವನ ಮುಂದೆ ಇದನ್ನು ಹೇಳಿದಳು. ದುರ್ಗವ್ವ ಕೈ ನಿಲ್ಲಿಸದೆ, "ಸಿಟ್ಟಾಗಬ್ಯಾಡ್ರಿ ಅಕ್ಕಾರ, ನೀವು ಉಣ್ಣೂದಿಲ್ಲ ಖರೆ. ಆದ್ರ ಮುಂಜಾನಿಯಿಂದ ಸಂಜೀತನಕ ನಿಮ್ಮ ಬಾಯಿ ಆಡೂದು ನಿಲ್ಲೂದಿಲ್ಲ" ಎಂದಳು.

ಸುನಂದಾ ಕೈಯಲ್ಲಿದ್ದ ಭಜಿಯ ತುಣುಕನ್ನು ಕೆಳಗಿಟ್ಟಳು.

ಸಂಜೆ ಮೇಡಂಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. "ಹುಡಿ ಹುಡಿ ಆಗೂ ತಿಂಡಿ ಹೊಟ್ಟ್ಯಾಗ ನಿಲ್ಲೂದಿಲ್ರಿ, ಜಾರಿ ಹೋಗ್ತಾವ. ಅದಕ್ಕ ಸಾಕು ಅನಸೂದಿಲ್ಲ" ಎಂದರು ಅವರು. "ಹೊತ್ತು ಗೊತ್ತು ಮಾಡ್ಕೊಂಡು ಕುಂತು ಉಣ್ರಿ. ಮೊದಲ ಕಾಳು, ಬ್ಯಾಳಿ, ಮೊಸರು. ಸಣ್ಣ ತುತ್ತು, ಚಂದಂಗಿ ಅಗೀರಿ. ನೀರು ಊಟದ ಜೋಡಿ ಬ್ಯಾಡ, ಅರ್ಧಾ ತಾಸು ಬಿಟ್ಟು ಕುಡೀರಿ. ನಡುವ ಏನೂ ಬಾಯಾಗ ಹಾಕ್ಕೋಬ್ಯಾಡ್ರಿ. ಮಧ್ಯಾಹ್ನದ್ದು ಒಂದು ಗಂಟೇಕ ಆಗ್ಲಿ."

ಖಾನಾವಳಿಯಲ್ಲಿ ಒಂದು ಗಂಟೆ ಎಂದರೆ ಉಸಿರಾಡಲು ಪುರುಸೊತ್ತಿಲ್ಲದ ಹೊತ್ತು. ಕಚೇರಿಯವರು, ಡ್ರೈವರುಗಳು, ಟಿಬೆಟನ್ ಕ್ಯಾಂಪಿನಿಂದ ಬರುವ ಲಾಮಾಗಳು ಎಲ್ಲರೂ ಒಟ್ಟಿಗೆ ಬರುತ್ತಾರೆ. ಮಾತು ಕಿವಿಗೆ ಬಿದ್ದದ್ದೇ ಶಂಕ್ರವ್ವ ಕಾಳಿನ ಮೊರ ಪಕ್ಕಕ್ಕಿಟ್ಟಳು.

"ಗಿರಾಕಿ ಕುಂತಿರ್ತಾರ, ಮನಿ ಹೆಣಮಗಳು ಮೊದಲ ಉಣ್ತಾಳ? ಎಲ್ಲೀದ ಇದು?"

ಸುನಂದಾ, ಒಲೆಯ ಬಳಿ ನಿಂತೇ ಉಂಡರಾಯಿತು ಎಂದುಕೊಂಡಳು. ಸಂತೆಯ ದಿನ ಹಾಗೆಯೇ ಮಾಡಿದಳು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ರೊಟ್ಟಿ. ಅವಸರದಲ್ಲಿ ಅಗಿಯದೆ ನುಂಗಿದಳು. ತುತ್ತು ಎದೆಯಲ್ಲಿ ಕಲ್ಲಿನಂತೆ ಸಿಕ್ಕಿಕೊಂಡಿತು. ಹಿತ್ತಲಿಗೆ ಓಡಿ, ಬಚ್ಚಲ ಕಟ್ಟೆ ಹಿಡಿದು ವಾಂತಿ ಮಾಡಿಕೊಂಡಳು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಬೆನ್ನ ಮೇಲೆ ಯಾರದೋ ಕೈ ಬಿತ್ತು. ತಿರುಗಿ ನೋಡಿದರೆ ಶಂಕ್ರವ್ವ.

"ಸಾವಕಾಶ, ನಮ್ಮವ್ವಾ, ಸಾವಕಾಶ" ಎನ್ನುತ್ತ ಅವಳು ಬೆನ್ನು ನೀವುತ್ತಲೇ ಇದ್ದಳು.

ಮರುದಿನ ಒಂದು ಗಂಟೆಗೆ ಸುನಂದಾ ಒಲೆ ಸಣ್ಣ ಮಾಡಿದಳು. ತಾಟಿನಲ್ಲಿ ಮಡಕಿಕಾಳಿನ ಪಲ್ಯ, ಮೊಸರು, ಅರ್ಧ ಮೆತ್ತನೆಯ ರೊಟ್ಟಿ ಹಾಕಿಕೊಂಡು ಹೊರಗೆ ಬಂದು ಗಿರಾಕಿಗಳ ನಡುವೆ ಮೂಲೆಯ ಟೇಬಲ್ಲಿಗೆ ಕೂತಳು. ಎರಡು ತುತ್ತು ಉಣ್ಣುವುದರೊಳಗೆ ಒಬ್ಬ ಕೂಗಿದ, "ಅಕ್ಕಾರ, ಬ್ಯಾಳಿ ಹಾಕ್ರಿ." ಇಷ್ಟು ವರ್ಷದ ರೂಢಿ, ಸುನಂದಾ ತಾನಾಗಿಯೇ ಅರ್ಧ ಎದ್ದಳು.

"ಆಕಿ ಉಣ್ಣಾಕತ್ತಾಳ. ತಡೀಪಾ, ನಾ ತರ್ತೇನಿ" ಎಂದು ಬಾಗಿಲ ಬಳಿಯಿಂದ ದನಿ ಬಂತು. ಶಂಕ್ರವ್ವ ಸೊಂಟ ಹಿಡಿದುಕೊಂಡು ಎದ್ದು ಬೇಳೆಯ ಪಾತ್ರೆಯತ್ತ ನಡೆದಳು. ಗಲ್ಲಾದಿಂದ ವೀರೇಶನೂ ಗಡಬಡಿಸಿ ಎದ್ದು ತಾಯಿಯ ಕೈಯಿಂದ ಸೌಟು ತೆಗೆದುಕೊಂಡ. ಸುನಂದಾ ಮತ್ತೆ ಕೂತು ಅಗಿಯತೊಡಗಿದಳು.

ಅಂದಿನಿಂದ ಆ ಹೊತ್ತಿಗೆ ಬಡಿಸುವ ಕೆಲಸ ವೀರೇಶನದಾಯಿತು. ರುಚಿ ನೋಡುವ ಕೆಲಸವನ್ನು ಶಂಕ್ರವ್ವ ವಹಿಸಿಕೊಂಡಳು. ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವಳಾದ್ದರಿಂದ ಅವಳ ನಾಲಿಗೆಗೆ ಎಲ್ಲವೂ ಉಪ್ಪೇ. ಕೆಲವು ದಿನ ಗಿರಾಕಿಗಳು ಸಪ್ಪೆ ಸಾರು ಉಂಡು ಗೊಣಗಿದರು. ಕೊನೆಗೆ ಆ ಕೆಲಸ ದುರ್ಗವ್ವನಿಗೆ ಬಂತು.

ತೂಕ ಮತ್ತೆ ನಿಧಾನವಾಗಿ ಇಳಿಯುತ್ತಿದೆ. ಎಲ್ಲವೂ ಗೆದ್ದಂತಲ್ಲ. ಸಂಜೆ ಚಹದ ಹೊತ್ತಿಗೆ ಸುನಂದಾಳ ಕೈ ಈಗಲೂ ಚೂಡಾದ ಡಬ್ಬಿಯತ್ತ ಹೋಗುತ್ತದೆ. ಕೆಲವೊಮ್ಮೆ ಮುಚ್ಚಳವನ್ನೂ ತೆಗೆಯುತ್ತಾಳೆ. ಆಗ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕಿ ಬರುತ್ತಾಳೆ. ಆ ಆಸೆ ಅಷ್ಟರಲ್ಲಿ ಸ್ವಲ್ಪ ತಣ್ಣಗಾಗಿರುತ್ತದೆ. ಎಂದಾದರೂ ತಪ್ಪಿ ತಿಂದರೆ ಮೇಡಂಗೆ ಮುಚ್ಚಿಡುವುದಿಲ್ಲ.

ಮೊನ್ನೆ ಅವಳು ತಾಟು ಹಿಡಿದು ಕೂತಾಗ ಶಂಕ್ರವ್ವ ತನ್ನ ತಾಟನ್ನೂ ತಂದು ಎದುರಿಗಿಟ್ಟಳು.

"ನಾನೂ ಈಗ ಉಣ್ತೇನಿ" ಎಂದಳು. "ಜಲ್ಮೆಲ್ಲಾ ಕಡೀಕ ಉಂಡೇನಿ. ಅಷ್ಟೊತ್ತಿಗೆ ಹಸಿವಿ ಸತ್ತ ಹೋಗಿರ್ತಿತ್ತು."

"ಕುಂಡ್ರರಿ ಅತ್ತಿ" ಎಂದು ಸುನಂದಾ ಕುರ್ಚಿ ಎಳೆದು ಕೊಟ್ಟಳು. ದುರ್ಗವ್ವ ಬಿಸಿ ರೊಟ್ಟಿಯೊಂದನ್ನು ತಂದು ಮುರಿದು ಇಬ್ಬರಿಗೂ ಹಾಕಿದಳು.