ಎಡಗಡೆಯ ಡಬ್ಬ

ಮದುವೆಯಾಗಿ ಊರಿಗೆ ಬಂದ ವಾರದಲ್ಲೇ ಹೊಲಿಗೆಯಾಕೆ ಗೋಧಿ ಡಬ್ಬ ಹೊತ್ತು ಹಿಟ್ಟಿನ ಗಿರಣಿಗೆ ಹೋದಳು. ಗಿರಣಿಯವನು ಡಬ್ಬದೊಳಕ್ಕೆ ಕೈ ಹಾಕಿದ, ಎರಡು ಕಾಳು ಬಾಯಿಗೆ ಹಾಕಿ ಕಡಿದ, ಥೂ ಎಂದು ಉಗಿದ.

"ಒದ್ದೆ. ಕಲ್ಲಿಗೆ ಮೆತ್ಕೊಳ್ಳುತ್ತೆ. ಒಣಗಿಸ್ಕೊಂಡು ಬಾ, ಹೋಗು."

ಆಕೆಗೂ ಬಾಯಿತ್ತು. ಇಂಜಿನ್ನಿನ ಪಕ್ಕ, ಅವನ ಎಡಗಡೆಗೆ ನಿಂತು, "ನಿಮ್ಮ ಕಲ್ಲೇನು ಬೆಣ್ಣೇದಾ?" ಎಂದು ಕೂಗಿದಳು. ಸರತಿಯ ಕೊನೆಯವನಿಗೂ ಕೇಳಿಸಿ ಅವನು ನಕ್ಕ. ಗಿರಣಿಯವನು ಮಾತ್ರ ತಿರುಗಿಯೂ ನೋಡಲಿಲ್ಲ. ಎಷ್ಟು ದಿಮಾಕು ಈ ಮನುಷ್ಯನಿಗೆ, ಅಂದುಕೊಂಡು ಡಬ್ಬ ಹೊತ್ತು ಹಿಂದಿರುಗಿದಳು.

ಬಸ್ ಓಡಿಸುವ ಗಂಡ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದೇನು ಮಹಾ! ಸಂಜೆ ಬಂದು ನೋಡು, ನಮ್ಮನ್ನ ಹೆಂಗೆ ಬೈತಾನೆ ಅಂತ."

ಸಂಜೆ ಇಂಜಿನ್ ನಿಂತ ಮೇಲೆ ಗಿರಣಿಯಲ್ಲಿ ನಾಲ್ಕು ಜನ ಸೇರುತ್ತಿದ್ದರು. ಗಂಡನದು ಪಿಟೀಲು, ಅಂಚೆಯವನದು ಕೊಳಲು, ಬಡಗಿಯದು ಹಾರ್ಮೋನಿಯಂ. ಶಾಲೆಯಲ್ಲಿ ಗಂಟೆ ಹೊಡೆಯುವ ಜವಾನ ಡ್ರಮ್ ಹೊಡೆಯುತ್ತಿದ್ದ. ಗಿರಣಿಯವನಿಗೆ ಒಂದು ವಾದ್ಯವೂ ಬಾರದು. ಹಗಲೆಲ್ಲ ಇಂಜಿನ್ ಸದ್ದು ಕೇಳಿ ತಲೆ ಕೆಟ್ಟವನಿಗೆ ಸಂಜೆಗೆ ನೆಟ್ಟಗಿರುವುದು ಏನಾದರೂ ಕಿವಿಗೆ ಬೀಳಬೇಕಿತ್ತು. ಅದಕ್ಕೇ ಇವರನ್ನು ಬೈದು ಕರೆತಂದ, ಬೈದು ಕೂರಿಸಿದ. ಹಿಟ್ಟು ಕೆರೆಯುವ ಮರದ ಪಟ್ಟಿ ಹಿಡಿದು ತಾಳ ಹಾಕುವನು. ಶ್ರುತಿ ಒಂದೆಳೆ ತಪ್ಪಿದರೂ ಪಟ್ಟಿ ಹಾರಿ ಬರುವುದು. ಕುರ್ಚಿಗಳಿರಲಿಲ್ಲ, ಬೋರಲು ಹಾಕಿದ ಹಿಟ್ಟಿನ ಡಬ್ಬಗಳೇ ಪೀಠ. ಹಿಂಭಾಗ ಬೆಳ್ಳಗಾದವರನ್ನು ಕಂಡರೆ ಊರಿಗೆ ಊರೇ, "ಓಹೋ, ಗಿರಣಿ ಮೇಳ!" ಅನ್ನುತ್ತಿತ್ತು.

ಗಂಡ ಜ್ವರದಲ್ಲಿ ತೀರಿಕೊಂಡ. ಮನೆಯಲ್ಲಿ ಅವನದೆಂದು ಉಳಿದದ್ದು ಒಂದು ಜೊತೆ ಚಪ್ಪಲಿ. ಪಿಟೀಲು ಗಿರಣಿಯಲ್ಲಿತ್ತು. ಆಕೆ ಕೇಳಲು ಹೋದಳು.

"ಮರ ನಿನ್ನ ಗಂಡಂದು, ತಂತಿ ಮೇಳದ್ದು," ಎಂದ ಗಿರಣಿಯವನು. "ತಂತಿ ಬಿಚ್ಚಿ ಕೊಡ್ಲಾ?"

"ಸತ್ತವರ ವಸ್ತು ಅಣ್ಣ. ಇಟ್ಕೊಂಡು ಏನು ಮಾಡ್ತೀರ?"

"ಊರಿಗೆಲ್ಲ ಇರೋದು ಒಂದೇ ಪಿಟೀಲು. ಕೊಟ್ಟರೆ ನೀನೇನು ಮಾಡ್ತೀಯ, ಗೋಡೆಗೆ ಮೊಳೆ ಹೊಡೆದು ನೇತು ಹಾಕ್ತೀಯ. ಬೇಕಿದ್ದರೆ ಬಂದು ಕೂತು ಕುಯ್ಯಿ. ಒಂದೇ ಒಂದು ಹಾಡು ತಪ್ಪಿಲ್ಲದೆ ನನ್ನ ಕಿವಿಗೆ ಬೀಳಲಿ, ಅವತ್ತೇ ಎತ್ಕೊಂಡು ಹೋಗು."

ಹಟಕ್ಕೆ ಬಿದ್ದು ಆಕೆ ಕೂತಳು. ಅವನು ತನ್ನ ಎಡಗಡೆಯ ಡಬ್ಬ ತೋರಿಸಿದ. ಮಧ್ಯಾಹ್ನ ಇಂಜಿನ್ ತಣ್ಣಗಾಗುವ ಹೊತ್ತಿಗೆ ಹೋಗಿ, ಗಂಡನ ಬೆರಳು ಸವೆಸಿದ ಕಪ್ಪು ಗುರುತುಗಳ ಮೇಲೆ ತನ್ನ ಬೆರಳಿಟ್ಟು ಕಲಿತಳು. ಬಡಗಿ ಹಾರ್ಮೋನಿಯಂನಲ್ಲಿ ಸ್ವರ ಹಿಡಿದು ಕೊಡುತ್ತಿದ್ದ. ಮೊದಲ ವರ್ಷ ಬೀದಿನಾಯಿಗಳೂ ಗಿರಣಿಯ ಕಡೆ ಸುಳಿಯಲಿಲ್ಲ. ಆಮೇಲಾಮೇಲೆ, ಸೂಜಿಗೆ ದಾರ ಹೋದ ಹಾಗೆ, ಸ್ವರ ಸಲೀಸಾಗಿ ಹೋಯಿತು.

ಮೇಳವೂ ಬೆಳೆಯಿತು. ಡಬ್ಬಗಳು ಮೂರು ಸಾಲಾದವು, ಪಕ್ಕದೂರಿನವರು ಕರೆಯತೊಡಗಿದರು. ಹೊಸದಾಗಿ ಸೇರಿದವರೆಲ್ಲ ಎಡಗಡೆಯ ಡಬ್ಬಗಳಿಗೇ ನೂಕಾಡುವರು. ಯಾಕೆಂದು ಆಕೆಗೆ ತಿಳಿಯದು. ಪ್ರತಿ ಸಂಜೆ ಕೊನೆಗೆ ಆಕೆ ಅವನ ಮುಖ ನೋಡುವಳು. ಅವನದು ಒಂದೇ ಮಾತು: "ನನ್ನ ಕಿವಿಗೇನೂ ಬೀಳಲಿಲ್ಲ." ಅದೇ ಗಿರಣಿಗೆ ಹಿಟ್ಟಿಗೆ ಹೋದರೂ ಆಕೆ ಅವನನ್ನು ಮಾತಾಡಿಸುತ್ತಿರಲಿಲ್ಲ. ಡಬ್ಬ ಕುಕ್ಕಿ ಇಟ್ಟು ಬರುವಳು.

ಒಂದು ಸಂಜೆ ಎಲ್ಲರೂ ಬಾರಿಸುತ್ತಿದ್ದಾಗ ಎಡಗೋಡೆಯ ಹಲಗೆ ಕಿತ್ತುಬಂದು, ಅದರ ಮೇಲಿದ್ದ ತಗಡಿನ ಡಬ್ಬಗಳು ಢಣಢಣ ಎಂದು ಅವನ ಬೆನ್ನ ಹಿಂದೆಯೇ ಉರುಳಿದವು. ಅಂಚೆಯವನು ಕೊಳಲು ಬಿಟ್ಟು ಎದ್ದು ನಿಂತ. ಗಿರಣಿಯವನ ಪಟ್ಟಿ ಆಡುತ್ತಲೇ ಇತ್ತು.

"ಯಾಕ್ರೋ ನಿಲ್ಲಿಸಿದ್ರಿ?"

ಆಕೆ ಜವಾನನ ತೋಳು ಹಿಡಿದಳು. ಅವನು ಪಿಸುಗುಟ್ಟಿದ: "ಅಯ್ಯೋ ಅಕ್ಕ, ನಿಂಗೆ ಗೊತ್ತಿಲ್ವಾ? ಇಂಜಿನ್ ಕಡೆ ಕಿವಿ ಹೋಗಿ ಯಾವ ಕಾಲ ಆಯ್ತು! ಅದಕ್ಕೇ ಅಲ್ವಾ ಎಡಗಡೆಗೆ ಇಷ್ಟು ನೂಕಾಟ? ಅಲ್ಲಿ ಕೂತವರಿಗೆ ಬೈಗುಳ ಇಲ್ಲ."

ಆಕೆಯ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಆಕೆ ಗೋಡೆಗೆ ಬಾರಿಸಿದ್ದಳು. ಎದ್ದಳು, ಡಬ್ಬವನ್ನು ನೆಲದ ಮೇಲೆ ಕರಕರ ಎಳೆದುಕೊಂಡು ಹೋಗಿ ಅವನ ಬಲಗಡೆ ಕೂತಳು.

"ಏಯ್, ನಿನ್ನ ಜಾಗ ಅದಲ್ಲ."

"ನಿಮ್ಮ ಕಿವಿ ಇರೋ ಜಾಗ ಇದೇ ತಾನೇ?"

ಆಕೆ ಒಬ್ಬಳೇ ಬಾರಿಸಿದಳು. ಪಟ್ಟಿಯನ್ನು ಮೇಲೆತ್ತಿ ಹಿಡಿದು, ಬಿಲದ ಮುಂದೆ ಕೂತ ಬೆಕ್ಕಿನ ಹಾಗೆ ಅವನು ತಪ್ಪಿಗಾಗಿ ಕಾದ. ಹಾಡು ಮುಗಿಯಿತು. ಪಟ್ಟಿ ಕೆಳಗೆ ಬರಲೇ ಇಲ್ಲ.

"ಬೇಕಂತಲೇ ಆ ಕಡೆ ಕೂರಿಸಿದ್ರಿ," ಎಂದಳು ಆಕೆ.

"ಮತ್ತೆ? ಕೇಳಿಸಿದ್ದರೆ ಕೊಡಬೇಕಾಗಿತ್ತು. ಕೊಟ್ಟಿದ್ದರೆ ನೀನು ಇತ್ತ ತಲೆ ಹಾಕ್ತಿದ್ಯಾ? ನನ್ನ ಮೇಳ ಮೂಗು ಕುಯ್ಸಿಕೊಂಡ ಹಾಗಾಗ್ತಿತ್ತು." ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಒಳಗಿನಿಂದ ಪಿಟೀಲಿನ ಪೆಟ್ಟಿಗೆ ತಂದ, ಹೆಗಲ ಬಟ್ಟೆಯಿಂದ ಹಿಟ್ಟು ಒರೆಸಿದ, ಆಕೆಯ ಕಾಲ ಬಳಿ ಕುಕ್ಕಿದ. "ತಗೊಂಡು ತೊಲಗು."

ಆಕೆ ಪಿಟೀಲನ್ನು ಅದರಲ್ಲಿಟ್ಟು, ಮಗುವಿನ ಹಾಗೆ ಎದೆಗವಚಿಕೊಂಡು ಹೊರಟಳು.

ಅವನು ಆಮೇಲೂ ಬಹಳ ವರ್ಷ ಬದುಕಿದ. ಬೈದ, ಅಣಕಿಸಿದ, ಒದ್ದೆ ಗೋಧಿಯನ್ನು ವಾಪಸು ಕಳಿಸಿದ, ಪಟ್ಟಿ ಎಸೆದ. ಆಕೆಯೂ ಒಂದು ಮಾತು ಬಾಕಿ ಇಟ್ಟುಕೊಳ್ಳಲಿಲ್ಲ. ಆದರೆ ಇನ್ನೊಬ್ಬರನ್ನು ಕೇಳಿ ನಡೆಯುವ ಜಾಯಮಾನ ಅವನದಲ್ಲ. ಉತ್ತರ ಬೇಕಾಗಿ ಅವನು ಆಕೆಯನ್ನು ಕೇಳಿದ್ದು ಪಿಟೀಲು ಕೊಟ್ಟ ಆ ಸಂಜೆ ಒಂದೇ ಸಲ, ಅದೇ ಕೊನೆ. ಆಕೆ ಹೊಸ್ತಿಲು ದಾಟುವಾಗ, ಪಟ್ಟಿಯಿಂದ ಬೆನ್ನು ಕೆರೆದುಕೊಳ್ಳುತ್ತಾ, ಬೇರೆಲ್ಲೋ ನೋಡುತ್ತಾ ಕೇಳಿದ:

"ನಾಳೆ ಯಾವ ಕಡೆ ಕೂರ್ತೀಯ?"